ಸಂದು ಮುಚ್ಚುವ ವಿದ್ಯೆ

ಪ್ಲಾಸ್ಟಿಕ್ಕಿನ ಪುಟ್ಟ ವಿಮಾನವೊಂದರ ಬೆನ್ನಿನ ಮೇಲೆ ಕೂದಲೆಳೆಯಷ್ಟು ಸಣ್ಣದಾಗಿ ಕಾಣುವ ಒಂದು ಗೆರೆಯನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳಿಯಾರು. ಉಚಿತವೆಂದೇ ನನ್ನ ಭಾವನೆ. ಆ ಗೆರೆಗೆ ನಮ್ಮ ಭಾಷೆಯಲ್ಲಿ ಸಂದು ಎಂದು ಹೆಸರು. ವ್ಯಾಕರಣವನ್ನು ಓದಿದವರಿಗೆ ಆ ಮಾತಿನ ಹಿಂದೆ ಸಂಧಿಯೆಂಬ ಮಾತು ನಿಂತಿರುವುದು ಒಡನೆಯೇ ತೋರುತ್ತದೆ. ಎರಡು ಪದಗಳು ಕೂಡುವೆಡೆಯಲ್ಲಿ ಏನಾಗಬೇಕೆಂಬುದನ್ನು ತಿಳಿಸುವುದಕ್ಕಾಗಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಎರಡು ಪ್ಲಾಸ್ಟಿಕ್ ತುಂಡುಗಳು ಕೂಡುವೆಡೆಯಲ್ಲಿ ಏನಾಗಬೇಕೆಂಬುದೂ ಯೋಚಿಸತಕ್ಕ ಪ್ರಶ್ನೆಯೇ ಎಂಬುದು ಈ ಹವ್ಯಾಸಕ್ಕೆ ಕೈಹಚ್ಚಿ ಹತ್ತು ವರ್ಷ ಕಳೆದ ಮೇಲೆ ನನಗೆ ಮನವರಿಕೆಯಾಗಿದೆ. ಅಷ್ಟೇ ಅಲ್ಲ, ಇಂದು ತರಗತಿಯಲ್ಲಿ ಅಧ್ಯಾಪಕರನ್ನೆಲ್ಲ ಕಾಡುತ್ತಿರುವ ಒಂದು ಸಮಸ್ಯೆಗೂ ಇದರಿಂದ ತುಸು ಬೆಳಕು ದೊರೆಯುತ್ತದೆಂದು ನಂಬಿದ್ದೇನೆ.

ಹವ್ಯಾಸದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ನಿಜವಾದ ವಿಮಾನ, ಹಡಗು, ರಣಗಾಡಿಗಳನ್ನು ಅಳತೆಗೆ ಸರಿಯಾಗಿ ಕುಗ್ಗಿಸಿ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಬಿಡಿ ಬಿಡಿ ಭಾಗಗಳಾಗಿ ಅಚ್ಚು ಹೊಯ್ದು, ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಕೊಂಡವನು ಅವನ್ನು ಅಂಟಿಸಿ ಬಣ್ಣ ಬಳಿಯಬೇಕು. ಲಂಡನ್ನಿನಲ್ಲಿ 1939ರಲ್ಲಿ ಹುಟ್ಟಿದ ಏರ್‌ಫಿಕ್ಸ್ ಸಂಸ್ಥೆ ಐವತ್ತರ ದಶಕದಲ್ಲಿ ಇದನ್ನು ಬ್ರಿಟನ್ನಿನ ಹುಡುಗರ ಕೈಗೆಟುಕುವ ಬೆಲೆಗೆ ತಂದಿತು; ಜಪಾನಿನ ಷಿಜುವೋಕಾ ನಗರದ ತಾಮಿಯಾ ಸಂಸ್ಥೆ ಮುಂದೆ ಅದನ್ನು ಬಹು ನಯವಾದ ಮಟ್ಟಕ್ಕೆ ಏರಿಸಿತು. ವಿಮಾನಗಳಿಗೆ ಹೆಚ್ಚಾಗಿ ಬಳಕೆಯಲ್ಲಿರುವ ಅಳತೆ ಎಪ್ಪತ್ತೆರಡರಲ್ಲಿ ಒಂದು ಪಾಲು.

ಟೊಳ್ಳಾದ ವಿಮಾನದ ಒಡಲನ್ನು ಒಂದೇ ಅಚ್ಚಿನಲ್ಲಿ ತೆಗೆಯುವುದು ಸಾಧ್ಯವಿಲ್ಲ. ಗಟ್ಟಿಯಾಗಿ ಹೊಯ್ದರೆ ಪ್ಲಾಸ್ಟಿಕ್ಕು ಆರುವಾಗ ಒಳಕ್ಕೆ ಕುಸಿದು ಗುಳಿ ಬೀಳುತ್ತದೆ. ಆದಕಾರಣ ಎಡದ ಹೋಳೊಂದು, ಬಲದ ಹೋಳೊಂದು. ರೆಕ್ಕೆಗೆ ಮೇಲಣ ಪದರವೊಂದು, ಕೆಳಗಣ ಪದರವೊಂದು. ಇವು ಕೂಡಿದಲ್ಲಿ ಸಂದು ಹುಟ್ಟುತ್ತದೆ. ಅದರ ಅಗಲ ಕಾಲು ಮಿಲಿಮೀಟರು ಮಾತ್ರವೆಂದಿಟ್ಟುಕೊಳ್ಳೋಣ. ಎಪ್ಪತ್ತೆರಡರಿಂದ ಗುಣಿಸಿದರೆ ನಿಜವಾದ ವಿಮಾನದ ಮೇಲೆ ಅದು 18 ಮಿಲಿಮೀಟರಿನ ಬಿರುಕಾಯಿತು. ಬೆರಳು ತೂರುವಷ್ಟು ದೊಡ್ಡದು. ಅಂಥ ಬಿರುಕನ್ನು ಮೂಗಿನಿಂದ ಬಾಲದವರೆಗೆ ಹೊತ್ತು ಆಕಾಶಕ್ಕೇರಿದ ವಿಮಾನ ಯಾವುದಾದರೂ ಉಂಟೆ? ಕಣ್ಣಿಗೆ ಅದು ಕೂಡಲೇ ಅಸತ್ಯವೆನ್ನಿಸುವುದು ಇದರಿಂದಲೇ.

ಈ ಸಂದನ್ನು ಇಲ್ಲವಾಗಿಸುವ ಬಗೆಗಳು ಹಲವು. ಮೊದಲನೆಯದು ಪ್ಲಾಸ್ಟಿಕ್ಕನ್ನೇ ಕರಗಿಸುವ ದ್ರವದಿಂದ ಕೂಡಿಸುವುದು. ಎರಡು ಅಂಚುಗಳೂ ಮೆತ್ತಗಾಗಿ ಒಂದರೊಳಗೊಂದು ಬೆರೆತು, ಒತ್ತಿದಾಗ ತುಸು ಉಕ್ಕಿ ಹೊರಬಂದು, ಆರಿದ ಮೇಲೆ ಬೆಸುಗೆಯಂತಾಗುತ್ತದೆ. ಇದು ಅಂಟಲ್ಲ, ಐಕ್ಯ. ಇಷ್ಟಾದ ಬಳಿಕವೂ ಅಲ್ಲಲ್ಲಿ ಉಳಿಯುವ ತಗ್ಗನ್ನು ತುಂಬುವುದಕ್ಕೆ ಪುಟ್ಟಿಯನ್ನು ಬಳಸುವುದು ಹಳೆಯ ರೂಢಿ. ಪುಟ್ಟಿಯಲ್ಲಿ ಒಂದು ದೋಷವಿದೆ. ಅದರಲ್ಲಿ ಬೆರೆತ ದ್ರವ ಆರಿ ಹೋದಂತೆ ಅದು ಕುಗ್ಗುತ್ತದೆ. ಇಂದು ಸಮನಾಗಿ ಕಂಡ ಜಾಗದಲ್ಲಿ ಕೆಲವು ವಾರಗಳ ಮೇಲೆ, ಬಣ್ಣದ ಅಡಿಯಿಂದ ಹಳೆಯ ಗೆರೆ ನೆರಳಿನಂತೆ ಮತ್ತೆ ಮೂಡುತ್ತದೆ.

ಇಲ್ಲಿಗೇ ಸೂಪರ್ ಗ್ಲೂ ಬರುವುದು. ನಮ್ಮ ಮನೆಗಳಲ್ಲಿ ಫೆವಿಕ್ವಿಕ್ ಎಂಬ ಹೆಸರಿನಿಂದ ಪರಿಚಿತವಾದದ್ದು ಈ ಜಾತಿಯ ಅಂಟೇ. ಇದರ ರಾಸಾಯನಿಕ ಹೆಸರು ಸೈಯನೋಆಕ್ರಿಲೇಟ್. ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ಎಂಬ ರಸಾಯನ ಶಾಸ್ತ್ರಜ್ಞರು 1942ರಲ್ಲಿ ಬಂದೂಕಿನ ಗುರಿಗಾಜಿಗೆ ತಕ್ಕ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಇದನ್ನು ಕಂಡರು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗಿಟ್ಟರು. 1951ರಲ್ಲಿ ಅವರೊಡನೆ ಕೆಲಸ ಮಾಡುತ್ತಿದ್ದ ಫ್ರೆಡ್ ಜಾಯ್ನರ್ ಇದನ್ನು ಅಳೆಯುವ ಉಪಕರಣದ ಎರಡು ಗಾಜಿನ ಪಟ್ಟಕಗಳ ನಡುವೆ ಸವರಿದಾಗ ಅವು ಬಿಡಿಸಲಾರದಂತೆ ಕಚ್ಚಿಕೊಂಡವು. ಯಾವುದನ್ನು ಅವಗುಣವೆಂದು ತಳ್ಳಿದ್ದರೋ ಅದೇ ಗುಣವೆಂದು ಆಗ ಹೊಳೆಯಿತು. 1958ರಲ್ಲಿ ಅದು ಮಾರುಕಟ್ಟೆಗೆ ಬಂತು.

ಈ ಅಂಟು ಗಟ್ಟಿಯಾಗುವುದು ಯಾವುದೋ ದ್ರವ ಆರಿ ಹೋಗುವುದರಿಂದಲ್ಲ. ವಸ್ತುವಿನ ಮೈಮೇಲೆ ಸದಾ ಇರುವ ತೇವದ ಸಂಪರ್ಕದಿಂದ ಅದರ ಅಣುಗಳು ಸರಪಳಿಯಂತೆ ಹೆಣೆದುಕೊಳ್ಳುವುದರಿಂದ. ಆದುದರಿಂದ ಅದು ಪುಟ್ಟಿಯಂತೆ ಕುಗ್ಗುವುದಿಲ್ಲ. ನೀರಿನಂತೆ ತೆಳ್ಳಗಿರುವ ಬಗೆ ಬಿರುಕಿನೊಳಕ್ಕೆ ತಾನೇ ಹರಿದು ಹೋಗುತ್ತದೆ. ಮಂದವಾದ ಬಗೆ ತಗ್ಗನ್ನು ತುಂಬುತ್ತದೆ. ಒಮ್ಮೆಗೇ ಹೆಚ್ಚು ಸುರಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ಸೂಜಿಯ ತುದಿಯಿಂದ ತೆಳುವಾಗಿ, ಪದರ ಪದರವಾಗಿ ಹಚ್ಚುವುದೇ ಕ್ರಮ.

ಮುಂದಿನದು ಉಜ್ಜುವ ಕೆಲಸ. ಇದರಲ್ಲಿ ಕಾಲಜ್ಞಾನ ಬಹು ಮುಖ್ಯ. ಅಂಟು ಗಟ್ಟಿಯಾದ ಕೆಲ ಹೊತ್ತಿನಲ್ಲೇ ಉಜ್ಜಬೇಕು. ರಾತ್ರಿಯೆಲ್ಲ ಬಿಟ್ಟರೆ ಅದು ಸುತ್ತಣ ಪ್ಲಾಸ್ಟಿಕ್ಕಿಗಿಂತ ಕಠಿನವಾಗುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಸವೆಯುವುದು ಎರಡು ಪಕ್ಕದ ಮೆದುವಾದ ಪ್ಲಾಸ್ಟಿಕ್ಕೇ ಹೊರತು ಅಂಟಲ್ಲ. ತಗ್ಗಿದ್ದಲ್ಲಿ ದಿಣ್ಣೆ ಏಳುತ್ತದೆ. ಕೆಲವರು ಅಂಟಿಗೆ ತುಸು ಟಾಲ್ಕಂ ಪುಡಿ ಬೆರೆಸಿ ಈ ಕಾಠಿನ್ಯವನ್ನು ತಗ್ಗಿಸುತ್ತಾರೆ. ನಮ್ಮ ಬಡಗಿಗಳು ಉಪ್ಪುಕಾಗದವೆನ್ನುವ ಸ್ಯಾಂಡ್ ಪೇಪರನ್ನು 400ರ ಸಂಖ್ಯೆಯಿಂದ ಮೊದಲುಮಾಡಿ, 600, 1000 ಎಂದು ನಯವಾದುದರ ಕಡೆಗೆ ಏರುತ್ತ, ನೀರಿನಲ್ಲಿ ಅದ್ದಿ ಉಜ್ಜಬೇಕು. ನೀರು ಧೂಳನ್ನು ಹಿಡಿದಿಡುತ್ತದೆ. ಆ ಧೂಳನ್ನೂ ಅಂಟಿನ ಆವಿಯನ್ನೂ ಉಸಿರಿನಲ್ಲಿ ಸೇರಿಸಿಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿರಬೇಕು, ಮೂಗಿಗೆ ಮುಸುಕಿರಬೇಕು. ಕಡೆಗೆ ಬೂದು ಬಣ್ಣದ ತೆಳು ಲೇಪವೊಂದನ್ನು ಹಾಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಕಣ್ಣು ಬಿಟ್ಟುಬಿಟ್ಟ ದೋಷವನ್ನು ಆ ಬೂದು ಬಣ್ಣ ಎತ್ತಿ ತೋರಿಸುತ್ತದೆ. ಮತ್ತೆ ಅಂಟು, ಮತ್ತೆ ಉಜ್ಜು. ಕ್ಷಣದಲ್ಲಿ ಅಂಟುವ ಪದಾರ್ಥವನ್ನು ಹಿಡಿದು ಗಂಟೆಗಟ್ಟಲೆ ದುಡಿಯಬೇಕಾಗಿ ಬರುವುದು ಈ ಕೆಲಸದ ವಿಚಿತ್ರ.

ಈಗ ವ್ಯಾಕರಣಕ್ಕೆ ಬರೋಣ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ, ಅದು ಲೋಪ. ‘ಮನೆ’ ಮತ್ತು ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ ನಡುವೆ ಒಂದು ಯಕಾರ ಬಂದು ಕೂಡುತ್ತದೆ, ಅದು ಆಗಮ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ; ಅದು ಆದೇಶ. ಮಾದರಿ ಕಟ್ಟುವವನ ಮೇಜಿನ ಮೇಲೂ ನಡೆಯುವುದು ಈ ಮೂರೇ. ಉಬ್ಬಿದ್ದನ್ನು ಉಜ್ಜಿ ತೆಗೆಯುವುದು ಲೋಪ. ತಗ್ಗಿಗೆ ಅಂಟು ತುಂಬುವುದು ಆಗಮ. ಉಜ್ಜುವಾಗ ಅಳಿಸಿಹೋದ ತಗಡಿನ ಗೆರೆಗಳ ಸ್ಥಾನದಲ್ಲಿ ಮೊನೆಯಿಂದ ಹೊಸದಾಗಿ ಕೊರೆಯುವುದು ಆದೇಶ. ಲೋಪಕ್ಕೆ ವ್ಯಾಕರಣ ಒಂದು ಕಟ್ಟನ್ನು ವಿಧಿಸಿದೆ: ಅರ್ಥ ಕೆಡುವಂತಿದ್ದರೆ ಲೋಪ ಕೂಡದು. ಇಲ್ಲಿಯೂ ಹಾಗೆಯೇ. ಒಂದೇ ಕಡೆ ಉಜ್ಜುತ್ತ ಹೋದರೆ ದುಂಡಾದ ಮೈ ಚಪ್ಪಟೆಯಾಗುತ್ತದೆ. ಆಗ ಗೆರೆ ಹೋಯಿತು, ಅದರೊಡನೆ ಆಕಾರವೂ ಹೋಯಿತು.

ಇನ್ನು ಪ್ರಕೃತಿಭಾವವೆಂಬುದೊಂದಿದೆ. ‘ಅಯ್ಯೋ ಇದೇನು’ ಎನ್ನುವಲ್ಲಿ ಸಂಧಿಯನ್ನು ಮಾಡಕೂಡದು. ಇದ್ದುದನ್ನು ಇದ್ದಂತೆಯೇ ಬಿಡಬೇಕು. ಮಾದರಿಗಳಲ್ಲಿಯೂ ಮುಚ್ಚಕೂಡದ ಸಂದುಗಳುಂಟು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ದೇಶ ತಯಾರಿಸಿದ ಟಿ-34 ರಣಗಾಡಿಯ ಎರಕದ ಗೋಪುರದ ಮೇಲೆ ಅಚ್ಚಿನ ಗೆರೆ ಒರಟಾಗಿ ಉಳಿದೇ ಇರುತ್ತಿತ್ತು. ಯುದ್ಧಕಾಲದ ಕಾರ್ಖಾನೆಗೆ ಅದನ್ನು ನಯಗೊಳಿಸುವ ವ್ಯವಧಾನವಿರಲಿಲ್ಲ. ಮಾದರಿಯಲ್ಲಿ ಆ ಗೆರೆಯನ್ನು ಉಜ್ಜಿ ತೆಗೆದವನು ಇತಿಹಾಸವನ್ನೇ ಉಜ್ಜಿದಂತೆ. ಅದೇ ರಣಗಾಡಿಯ ಫಿರಂಗಿಯ ನಳಿಗೆಯಾದರೋ ಒಂದೇ ಉಕ್ಕಿನ ತುಂಡನ್ನು ಕೊರೆದು ಮಾಡಿದ್ದು. ಅದರ ಮೇಲೆ ಸಂದು ಕಂಡರೆ ಅದು ಕೇವಲ ಪ್ಲಾಸ್ಟಿಕ್ಕಿನ ಗುರುತು. ಒಂದೇ ವಸ್ತುವಿನ ಮೇಲೆ ಒಂದು ಗೆರೆ ದಿಟ, ಇನ್ನೊಂದು ಸಟೆ. ಈ ವಿವೇಕ ಅಂಟಿನಿಂದ ಬರುವುದಲ್ಲ, ಮೂಲವನ್ನು ಅಭ್ಯಾಸ ಮಾಡುವುದರಿಂದ ಬರುವುದು.

ನಮ್ಮ ಕಾಲೇಜಿನ ಹಿರಿಯ ಮಿತ್ರರೊಬ್ಬರು, ಭೌತಶಾಸ್ತ್ರದ ಅಧ್ಯಾಪಕರು, ಒಮ್ಮೆ ಆಕ್ಷೇಪಿಸಿದರು: “ಅಲ್ಲ ಮೇಷ್ಟರೇ, ಇದ್ದ ಗೆರೆಯನ್ನು ಇಲ್ಲವೆನ್ನಿಸುವುದು ಸುಳ್ಳಲ್ಲವೇ? ಜಪಾನಿನವರು ಒಡೆದ ಬೋಗುಣಿಯನ್ನು ಕೂಡಿಸಿ, ಬಿರುಕಿನ ಮೇಲೆ ಚಿನ್ನದ ಪುಡಿ ಬಳಿದು ಎತ್ತಿ ತೋರಿಸುತ್ತಾರಂತೆ. ಅದು ಪ್ರಾಮಾಣಿಕತೆ.” ಆಕ್ಷೇಪ ತೂಕವುಳ್ಳದ್ದು. ಕಿಂತ್ಸುಗಿ ಎಂಬ ಆ ಕಲೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಆ ಬಿರುಕು ಬೋಗುಣಿಯ ಬಾಳಿನಲ್ಲಿ ನಡೆದ ಸಂಗತಿ. ಅದು ಕೈಜಾರಿದ್ದು, ಒಡೆದದ್ದು, ಯಾರೋ ಅದನ್ನು ಎಸೆಯದೆ ಉಳಿಸಿಕೊಂಡದ್ದು, ಎಲ್ಲವೂ ದಿಟ. ನಮ್ಮ ಪ್ಲಾಸ್ಟಿಕ್ಕಿನ ಸಂದು ವಿಮಾನದ ಬಾಳಿಗೆ ಸೇರಿದ್ದಲ್ಲ. ಅಚ್ಚಿನ ಅನುಕೂಲಕ್ಕೆ ಸೇರಿದ್ದು. ಅದನ್ನು ತೆಗೆಯುವುದರಿಂದ ಸತ್ಯಕ್ಕೆ ಹತ್ತಿರವಾಗುತ್ತೇವೆಯೇ ಹೊರತು ದೂರವಾಗುವುದಿಲ್ಲ. ಹಾಗಾದರೆ ಮುಚ್ಚುವುದು ಸುಳ್ಳಾಗುವುದು ಯಾವಾಗ? ಒಳಗೆ ಕೂಡದಿರುವಾಗ.

ಇದಕ್ಕೆ ಮಾಸ್ಕಿಟೋ ಎಂಬ ವಿಮಾನದ ಚರಿತ್ರೆಗಿಂತ ಒಳ್ಳೆಯ ನಿದರ್ಶನ ನನಗೆ ದೊರೆತಿಲ್ಲ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಸಂಸ್ಥೆ ನಿರ್ಮಿಸಿದ ಈ ಯುದ್ಧವಿಮಾನ ಮೊದಲು ಹಾರಿದ್ದು 1940ರ ನವೆಂಬರ್ 25ರಂದು. ಲೋಹದ ಕಾಲದಲ್ಲಿ ಇದು ಮರದ ವಿಮಾನ. ತೆಳುವಾದ ಬರ್ಚ್ ಪ್ಲೈವುಡ್ಡಿನ ಎರಡು ಪದರಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಅಂಟಿಸಿ, ಅಚ್ಚಿನ ಮೇಲೆ ಬಗ್ಗಿಸಿ, ಒಡಲನ್ನು ಎಡಬಲದ ಎರಡು ಹೋಳುಗಳಾಗಿಯೇ ತಯಾರಿಸುತ್ತಿದ್ದರು. ಪೀಠೋಪಕರಣ ಮಾಡುವ ಬಡಗಿಗಳು ಈ ಕೆಲಸದಲ್ಲಿ ತೊಡಗಿದ್ದರು. ಒಳಗಿನ ತಂತಿ ಕೊಳವೆಗಳಲ್ಲಿ ಬಹುಪಾಲನ್ನು ಅಳವಡಿಸಿದ ಮೇಲೆ ಹೋಳುಗಳನ್ನು ಕೂಡಿಸಿ ಅಂಟಿಸುತ್ತಿದ್ದರು. ಪ್ಲಾಸ್ಟಿಕ್ ಮಾದರಿಯನ್ನು ಕಟ್ಟುವ ರೀತಿಯೂ ಇದೇ ಅಲ್ಲವೇ? ಕೂಡಿದ ಒಡಲಿನ ಮೇಲೆ ತೆಳುವಾದ ಹತ್ತಿಯ ಬಟ್ಟೆಯನ್ನೆಳೆದು, ಲೇಪ ಹಚ್ಚಿ ನಯಗೊಳಿಸಿದರೆ ಸಂದು ಕಾಣುತ್ತಿರಲಿಲ್ಲ. ಆ ಬಟ್ಟೆಯ ಹೆಸರು ಮಡಪೋಲಂ. ಗೋದಾವರಿ ಸೀಮೆಯ ನರಸಾಪುರದ ಮಗ್ಗುಲಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೋಠಿಯಿದ್ದ ಊರಿನಿಂದ ಅದಕ್ಕೆ ಆ ಹೆಸರು ಬಂತು. ಇಂಗ್ಲೆಂಡಿನ ವಿಮಾನದ ಸಂದನ್ನು ಮುಚ್ಚಿದ ಬಟ್ಟೆಗೆ ನಮ್ಮ ನೆರೆನಾಡಿನ ಊರೊಂದರ ಹೆಸರು ಎಂಬುದು ನೆನೆಯತಕ್ಕ ಸಂಗತಿ.

ಈ ವಿಮಾನಗಳು ನಮ್ಮ ನಾಡಿಗೂ ಬಂದವು. 1944ರಲ್ಲಿ ಬೆಂಗಳೂರಿನ ಬಳಿಯ ಯಲಹಂಕದಲ್ಲಿ ಬ್ರಿಟಿಷ್ ವಾಯುಪಡೆಯ ದಳಗಳು ಹಳೆಯ ವಿಮಾನಗಳನ್ನು ಬಿಟ್ಟು ಮಾಸ್ಕಿಟೋಗಳನ್ನು ಪಡೆದುಕೊಂಡವು. ಆ ವರ್ಷದ ಕೊನೆಯ ಹೊತ್ತಿಗೆ ಪೂರ್ವದ ರಣರಂಗದಲ್ಲಿ ಮಾಸ್ಕಿಟೋಗಳು ಒಂದರ ಮೇಲೊಂದು ಅಪಘಾತಕ್ಕೀಡಾದುವು. ರೆಕ್ಕೆಯ ಹೊದಿಕೆ ತೊಲೆಯಿಂದ ಬಿಟ್ಟುಕೊಳ್ಳುತ್ತಿದೆಯೆಂದು ಶಂಕೆ ಹುಟ್ಟಿತು. ಮೊದಲು ಬೈದದ್ದು ಅಂಟನ್ನು: ಹಾಲಿನ ಕೇಸೀನಿನಿಂದ ಮಾಡಿದ ಅಂಟು ನಮ್ಮ ಬಿಸಿಲು ಮಳೆಗಳನ್ನು ತಾಳಲಾರದೆಂದರು. ಅಂಟು ಹಾಳಾಗಿಲ್ಲ, ಮಳೆಗಾಲದಲ್ಲಿ ಮರವೇ ಕುಗ್ಗಿದೆ ಎಂದಿತು ಡಿ ಹ್ಯಾವಿಲೆಂಡಿನವರ ವರದಿ. ಮುಂದಿನ ತನಿಖೆಗಳಲ್ಲಿ ಹೊರಬಿದ್ದುದೇ ಬೇರೆ. ದೋಷ ತಯಾರಿಕೆಯದು, ಕೂಡಬೇಕಾದ ಮೈಗಳು ಎಲ್ಲೆಡೆಯೂ ಸರಿಯಾಗಿ ಕೂಡಿರಲೇ ಇಲ್ಲ. ಆಮೇಲೆ ಆ ಸಂದಿನುದ್ದಕ್ಕೂ ಪ್ಲೈವುಡ್ಡಿನ ಪಟ್ಟಿಯೊಂದನ್ನು ಹೊಂದಿಸಿ ಭದ್ರಪಡಿಸಬೇಕಾಯಿತು. ಮೇಲಣ ಬಟ್ಟೆಯೂ ಬಣ್ಣವೂ ನುಣ್ಣಗಿದ್ದುವು. ವಿಮಾನವನ್ನೇರಿದವನಿಗೆ ಒಳಗಿನ ತೆರಪು ಕಾಣುವಂತಿರಲಿಲ್ಲ. ಮಾದರಿಯ ಸಂದು ಬಿಟ್ಟುಕೊಂಡರೆ ಬಣ್ಣ ಬಿರಿಯುತ್ತದೆ, ಅಷ್ಟೆ. ಅಲ್ಲಿ ಬಿಟ್ಟುಕೊಂಡದ್ದರಿಂದ ಪ್ರಾಣಗಳು ಹೋದುವು.

ಅನುಭವಸ್ಥನಾದ ಮಾದರಿಕಾರನು ಸಂದನ್ನು ತುಂಬುವುದಕ್ಕೆ ಮೊದಲು ಒಡಲನ್ನು ಎರಡು ಬೆರಳಿನಿಂದ ಮೆಲ್ಲಗೆ ಅಮುಕಿ ನೋಡುವುದು ಇದೇ ಕಾರಣದಿಂದ. ಸೂಪರ್ ಗ್ಲೂ ಕಠಿನವಾದರೂ ಬಳುಕದ ವಸ್ತು. ಅಮುಕಿದಾಗ ಸಂದು ಅಲುಗಿದರೆ ತುಂಬಿದ ಅಂಟು ಮುಂದೆ ಎಂದಾದರೂ ಸೀಳುತ್ತದೆ. ಆದಕಾರಣ ಮೊದಲು ಒಳಗೆ ಪ್ಲಾಸ್ಟಿಕ್ಕಿನ ಪಟ್ಟಿಗಳ ಆಸರೆ ಕೊಟ್ಟು, ಕರಗಿಸಿ ಬೆಸೆದು, ಅನಂತರವೇ ಹೊರಗೆ ತುಂಬುವುದು.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯವನ್ನು ಮುಂದಿಡಬಹುದು. ನಮ್ಮ ವಿದ್ಯಾರ್ಥಿಗಳು ಬರೆದು ತರುವ ಪ್ರಬಂಧಗಳನ್ನು ನಾವು ಬಹುಕಾಲದಿಂದ ನುಣುಪಿನಿಂದ ಅಳೆಯುತ್ತ ಬಂದಿದ್ದೇವೆ. ಹಿಂದೆ ಆ ಅಳತೆಯಿಂದ ಮೋಸವಾಗುತ್ತಿದ್ದುದು ಕಡಿಮೆ. ನಾಲ್ಕು ಪುಸ್ತಕಗಳಿಂದ ನಾಲ್ಕು ಖಂಡಿಕೆಗಳನ್ನು ಕಿತ್ತು ತಂದವನ ಬರಹದಲ್ಲಿ ಸಂದುಗಳು ಬಾಯಿ ಬಿಟ್ಟುಕೊಂಡಿರುತ್ತಿದ್ದುವು; ‘ಒಟ್ಟಿನಲ್ಲಿ ಹೇಳುವುದಾದರೆ’ ಎಂಬ ಪುಟ್ಟಿಯನ್ನು ಅವನು ಎಷ್ಟು ಮೆತ್ತಿದರೂ ಗೆರೆ ಕಾಣುತ್ತಿತ್ತು. ಈಗ ಹಾಗಲ್ಲ. ಕೇಳಿದ ವಿಷಯದ ಮೇಲೆ ಕ್ಷಣಾರ್ಧದಲ್ಲಿ ಸಂದಿಲ್ಲದ ಪ್ರಬಂಧವನ್ನು ಹೊಯ್ದುಕೊಡುವ ಯಂತ್ರಗಳು ಪ್ರತಿಯೊಬ್ಬ ಹುಡುಗನ ಜೇಬಿನಲ್ಲಿಯೂ ಇವೆ. ನುಣುಪು ಅಗ್ಗವಾಗಿದೆ. ಅಗ್ಗವಾದದ್ದಕ್ಕೆ ಅಂಕ ಕೊಡುತ್ತ ಕುಳಿತರೆ, ಬೆವರಿಳಿಸಿ ಉಜ್ಜಿದವನಿಗೂ ಉಜ್ಜದೆ ಪಡೆದವನಿಗೂ ನಾವು ಭೇದವೆಣಿಸದಂತಾಗುತ್ತದೆ.

ಕೆಲವು ಮಿತ್ರರು ಇದಕ್ಕೆ ತದ್ವಿರುದ್ಧವಾದ ಕೊನೆಗೆ ಹೋಗಿದ್ದಾರೆ. ನಯವಾದ ಬರಹ ಕಂಡರೆ ಸಾಕು, ಇದು ಯಂತ್ರದ್ದೆಂದು ಹುಡುಗರನ್ನು ಸಂಶಯದಿಂದ ನೋಡುತ್ತಾರೆ. ಒರಟಾಗಿ ಬರೆದರೆ ಮೆಚ್ಚುತ್ತಾರೆ. ಇದು ಅನ್ಯಾಯ. ಒರಟುತನವನ್ನು ಪ್ರಾಮಾಣಿಕತೆಯ ಗುರುತೆಂದು ನಂಬಿಸಿದರೆ, ಶ್ರಮಪಟ್ಟು ತಿದ್ದುವ ವಿದ್ಯಾರ್ಥಿ ತಿದ್ದುವುದನ್ನೇ ಬಿಡುತ್ತಾನೆ. ಕೊನೆಯ ಉಜ್ಜುವಿಕೆಯೇ ಕಲಿಕೆಯ ಬಹುಪಾಲು. ವಾಕ್ಯವನ್ನು ಮೂರು ಬಾರಿ ಬದಲಿಸಿದವನಿಗೆ ಮಾತ್ರ ಅದು ಮೊದಲು ಏಕೆ ಸರಿಯಿರಲಿಲ್ಲವೆಂಬುದು ತಿಳಿಯುತ್ತದೆ. ನುಣುಪು ಪುರಾವೆಯೂ ಅಲ್ಲ, ಅಪರಾಧವೂ ಅಲ್ಲ.

ನಾವು ಮಾಡಬೇಕಾದದ್ದು ಬೆರಳಿನಿಂದ ಅಮುಕಿ ನೋಡುವುದು. ಪ್ರಬಂಧವನ್ನು ಕೈಯಲ್ಲಿ ಹಿಡಿದು, ವಿದ್ಯಾರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಐದು ನಿಮಿಷ ಮಾತಾಡೋಣ. “ಏನಪ್ಪ, ಈ ಖಂಡಿಕೆಯಾದ ಮೇಲೆ ಅದು ಏಕೆ ಬಂತು? ನಡುವೆ ಬೇರೆ ಯಾವುದನ್ನೋ ಬರೆದು ತೆಗೆದೆಯಾ? ಈ ಉದಾಹರಣೆ ಇಲ್ಲದಿದ್ದರೆ ನಿನ್ನ ಮಾತು ನಿಲ್ಲುತ್ತದೆಯೇ?” ತಾನೇ ಕೂಡಿಸಿದವನು ತಡವರಿಸಿದರೂ ಉತ್ತರ ಕೊಡುತ್ತಾನೆ, ಅವನಿಗೆ ತನ್ನ ಸಂದುಗಳೆಲ್ಲ ಗೊತ್ತು. ಕೂಡಿಸದವನಿಗೆ ಸಂದು ಎಲ್ಲಿದೆಯೆಂಬುದೇ ಗೊತ್ತಿರುವುದಿಲ್ಲ. ಎರಡನೆಯದಾಗಿ, ಶುದ್ಧಪ್ರತಿಯೊಡನೆ ತಿದ್ದಿದ ಕರಡುಗಳನ್ನೂ ಕೇಳಿ ಪಡೆದು ಅವುಗಳಿಗೂ ಅಂಕದಲ್ಲಿ ಪಾಲು ಕೊಡಬೇಕು. ಎಂಬತ್ತು ಹುಡುಗರ ತರಗತಿಯಲ್ಲಿ ಇದಕ್ಕೆ ಸಮಯವೆಲ್ಲಿ ಎಂದು ಅಧ್ಯಾಪಕರು ಕೇಳುವುದು ನ್ಯಾಯವೇ. ಉತ್ತರವಿಷ್ಟೇ: ವರ್ಷಕ್ಕೆ ನಾಲ್ಕು ಪ್ರಬಂಧ ಬರೆಸುವಲ್ಲಿ ಎರಡನ್ನು ಬರೆಸೋಣ, ಉಳಿದ ಹೊತ್ತನ್ನು ಅಮುಕಿ ನೋಡುವುದಕ್ಕೆ ಕೊಡೋಣ.

ಮೂರನೆಯ ಸಲಹೆಯೊಂದನ್ನೂ ಸಂಕೋಚವಿಲ್ಲದೆ ಸೇರಿಸುತ್ತೇನೆ. ಕಲಾ ವಿಭಾಗದ ವಿದ್ಯಾರ್ಥಿಗಳಿಗೂ ವಾರಕ್ಕೆ ಒಂದು ಗಂಟೆಯಾದರೂ ಕೈಕೆಲಸವಿರಲಿ. ಅದು ಪ್ಲಾಸ್ಟಿಕ್ಕಿನ ವಿಮಾನವೇ ಆಗಬೇಕೆಂದಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವುದಾಗಲಿ, ಮರದ ಚೌಕಟ್ಟು ಕೂಡಿಸುವುದಾಗಲಿ ಆದೀತು. ಎರಡು ವಸ್ತುಗಳನ್ನು ತನ್ನ ಕೈಯಿಂದ ಕೂಡಿಸಿ, ಕೂಡಿದೆಯೇ ಎಂದು ಪರೀಕ್ಷಿಸಿ, ಆಮೇಲೆ ನಯಗೊಳಿಸಿದ ಹುಡುಗನಿಗೆ ಮಾತನ್ನು ಮಾತಿಗೆ ಕೂಡಿಸುವುದರ ಅರ್ಥವನ್ನು ಹೇಳಿಕೊಡುವುದು ಕಷ್ಟವಾಗಲಾರದು. ಮುಚ್ಚುವ ಅಧಿಕಾರ ಕೂಡಿಸಿದವನಿಗೆ ಮಾತ್ರ ಉಂಟೆಂಬುದನ್ನು ಅವನ ಬೆರಳುಗಳೇ ಅವನಿಗೆ ಕಲಿಸಿರುತ್ತವೆ.